ಹಳೆಯ ವ್ಯಾನಿನ ಹೀಟರ್ ಫ್ಯಾನ್: ಮೂರು ವೇಗದ ಸ್ವಿಚ್ ಬಿಟ್ಟು ನಾಬ್ ಹಾಕುವ ಮೊದಲು

ಪ್ರಶ್ನೆ: ನನ್ನ ವ್ಯಾನಿಗೆ ಮೂವತ್ತು ವರ್ಷ ದಾಟಿದೆ. ಹೀಟರ್ ಫ್ಯಾನಿಗೆ ಮೂರು ವೇಗ. ಒಂದನೆಯದು, ಎರಡನೆಯದು ನಿಂತುಹೋಗಿವೆ. ಮೂರನೆಯದು ಮಾತ್ರ ನಡೆಯುತ್ತದೆ, ಅದೂ ಮೊದಲಿನಷ್ಟು ಜೋರಾಗಿಲ್ಲ. ರೆಸಿಸ್ಟರನ್ನು ಎರಡು ಸಲ ಬದಲಿಸಿದೆ, ಎರಡನೆಯ ಸಲ ಅದರ ಕನೆಕ್ಟರ್ ಕೂಡ ಕರಗಿತ್ತು. ಇದನ್ನೆಲ್ಲ ಕಿತ್ತುಹಾಕಿ, ಒಂದೇ ನಾಬ್ ತಿರುಗಿಸಿ ಬೇಕಾದ ವೇಗ ಪಡೆಯುವ ಎಲೆಕ್ಟ್ರಾನಿಕ್ ನಿಯಂತ್ರಕ ಹಾಕಬೇಕೆಂದಿದ್ದೇನೆ. ರಾತ್ರಿ ವ್ಯಾನಿನಲ್ಲೇ ಮಲಗುವುದುಂಟು, ಆಗ ಫ್ಯಾನ್ ಸಣ್ಣಗೆ ಓಡಿದರೆ ಸಾಕು. ಯಾವುದನ್ನು ಹಾಕಲಿ, ಹೇಗೆ ಜೋಡಿಸಲಿ?

ಉತ್ತರ: ನಾಬ್ ಖಂಡಿತ ಹಾಕಬಹುದು, ಚೆನ್ನಾಗಿಯೂ ಇರುತ್ತದೆ. ಆದರೆ ಈಗಿರುವ ಸ್ಥಿತಿಯಲ್ಲೇ ಹಾಕಿದರೆ ಹೊಸ ನಿಯಂತ್ರಕವೂ ಸುಡುವ ಸಾಧ್ಯತೆ ಹೆಚ್ಚು. ಎರಡು ರೆಸಿಸ್ಟರನ್ನು ನುಂಗಿದ ಕಾರಣ ಇನ್ನೂ ನಿಮ್ಮ ವ್ಯಾನಿನೊಳಗೇ ಕೂತಿದೆ. ಮೊದಲು ಅದನ್ನು ಹುಡುಕೋಣ.

ಹಳೆಯ ವ್ಯವಸ್ಥೆ ಬಹಳ ಸರಳ. ಸ್ವಿಚ್ಚಿಗೂ ಮೋಟಾರಿಗೂ ನಡುವೆ ತಂತಿಯ ಸುರುಳಿಗಳಿರುತ್ತವೆ, ರೆಸಿಸ್ಟರ್ ಎಂದರೆ ಇವೇ. ಒಂದನೆಯ ವೇಗದಲ್ಲಿ ವಿದ್ಯುತ್ತು ಎಲ್ಲ ಸುರುಳಿಗಳನ್ನೂ ಹಾದು ಹೋಗುತ್ತದೆ, ಎರಡನೆಯದರಲ್ಲಿ ಕೆಲವನ್ನು ಮಾತ್ರ, ಪೂರ್ತಿ ವೇಗದಲ್ಲಿ ಯಾವುದನ್ನೂ ಅಲ್ಲ, ನೇರ ಮೋಟಾರಿಗೆ. ನಿಮ್ಮಲ್ಲಿ ಮೂರನೆಯದು ಮಾತ್ರ ಉಳಿದಿರುವುದು ಅದಕ್ಕೇ. ಸುರುಳಿಗಳ ಜೊತೆಯಲ್ಲೇ ಒಂದು ಥರ್ಮಲ್ ಫ್ಯೂಸ್ ಇರುತ್ತದೆ, ಕಾವು ಮಿತಿ ಮೀರಿದರೆ ಅದು ಒಮ್ಮೆಗೇ ಕಡಿದುಹೋಗುತ್ತದೆ. ಒಂದು ಮತ್ತು ಎರಡು ಒಟ್ಟಿಗೇ ಸತ್ತಿದ್ದರೆ ಹೆಚ್ಚಿನ ಸಲ ಹೋಗಿರುವುದು ಆ ಫ್ಯೂಸ್, ಸುರುಳಿಯಲ್ಲ.

ಈ ಫ್ಯೂಸಿಗೆ ಅಡ್ಡ ತಂತಿ ಬೆಸೆದು 'ರಿಪೇರಿ' ಮಾಡಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಗಾಳಿಯ ಕೊಳವೆ ಬಿಚ್ಚಿದಾಗ ಸುರುಳಿಯ ಸುತ್ತ ಒಣ ಎಲೆಗಳು ಸೇರಿಕೊಂಡು ಅಂಚೆಲ್ಲ ಕರಿಕಾಗಿದ್ದವು. ಆ ವ್ಯಾನಿನಲ್ಲಿ ಮಕ್ಕಳೂ ಪ್ರಯಾಣ ಮಾಡುತ್ತಿದ್ದರು. ದಯವಿಟ್ಟು ಆ ಕೆಲಸವನ್ನು ಒಂದು ದಿನದ ಮಟ್ಟಿಗೂ ಮಾಡಬೇಡಿ.

ಸುರುಳಿ ಎಷ್ಟು ಕಾಯುತ್ತದೆ ಎಂಬುದನ್ನು ಲೆಕ್ಕ ಹಾಕಿ ನೋಡುವುದು ಒಳ್ಳೆಯದು, ಮುಂದಿನ ಎಲ್ಲ ತೀರ್ಮಾನಗಳೂ ಅದರ ಮೇಲೇ ನಿಲ್ಲುತ್ತವೆ. ಎಂಜಿನ್ ಓಡುತ್ತಿರುವಾಗ 14 ವೋಲ್ಟ್ ಇದೆ, ಪೂರ್ತಿ ವೇಗದಲ್ಲಿ ಮೋಟಾರ್ 15 ಆಂಪಿಯರ್ ಎಳೆಯುತ್ತದೆ ಎಂದುಕೊಳ್ಳಿ. 210 ವ್ಯಾಟ್ ಆಯಿತು. ಫ್ಯಾನ್ ತಳ್ಳಬೇಕಾದ ಗಾಳಿಯ ಭಾರ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಇಳಿಯುತ್ತದೆ. ಹಾಗಾಗಿ ವೇಗ ಅರ್ಧಕ್ಕೆ ಇಳಿದರೆ ಕರೆಂಟ್ ಸುಮಾರು ಕಾಲು ಭಾಗಕ್ಕೆ, ಅಂದರೆ 3.75 ಆಂಪಿಯರಿಗೆ ಇಳಿಯುತ್ತದೆ. ಆಗ ಮೋಟಾರಿಗೆ 7 ವೋಲ್ಟ್ ಸಾಕು. ಉಳಿದ 7 ವೋಲ್ಟನ್ನು ಸುರುಳಿ ನುಂಗಿ 26 ವ್ಯಾಟ್ ಕಾವಾಗಿ ಹೊರಹಾಕುತ್ತದೆ. ವೇಗ ಮೂರನೇ ಎರಡು ಭಾಗದಷ್ಟಿದ್ದಾಗ ಕಾವು ಎಲ್ಲಕ್ಕಿಂತ ಹೆಚ್ಚು, 31 ವ್ಯಾಟ್. ಅತಿ ಕಡಿಮೆ ವೇಗದಲ್ಲೇ ಸುರುಳಿ ಅತಿ ಹೆಚ್ಚು ಕಾಯುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಮೋಟಾರ್ ಸಲೀಸಾಗಿ ತಿರುಗುತ್ತಿರುವಾಗ ಅದು ನಿಜವಲ್ಲ, ನಡುವಿನ ವೇಗವೇ ಬಿಸಿಯ ಜಾಗ.

31 ವ್ಯಾಟ್ ಎಂದರೆ ಒಂದು ಸಣ್ಣ ಸೋಲ್ಡರಿಂಗ್ ಐರನ್ನಿನ ಕಾವು. ಅದಕ್ಕೇ ಕಾರ್ಖಾನೆಯವರು ರೆಸಿಸ್ಟರನ್ನು ಫ್ಯಾನಿನ ಗಾಳಿ ಬೀಸುವ ದಾರಿಯಲ್ಲೇ ಕೂರಿಸಿರುತ್ತಾರೆ. ಫ್ಯಾನ್ ಬೀಸುತ್ತಿರುವಷ್ಟು ಹೊತ್ತು ಅದರ ಕಾವು ಮಿತಿಯಲ್ಲಿರುತ್ತದೆ. ಆದರೆ ಬೇರಿಂಗ್ ಬಿಗಿಯಾಗಿ ಮೋಟಾರ್ ನಿಂತೇ ಹೋದರೆ? ಅರ್ಧ ವೇಗದ ಸುರುಳಿ ಸುಮಾರು 1.9 ಓಮ್, ನಿಂತ ಮೋಟಾರಿನದು 0.3 ಓಮ್ ಎಂದಿಟ್ಟುಕೊಂಡರೆ ಕರೆಂಟ್ ಆರೂವರೆ ಆಂಪಿಯರ್ ಆಸುಪಾಸಿಗೆ ಏರುತ್ತದೆ, ಸುರುಳಿಯೊಂದರಲ್ಲೇ 80 ವ್ಯಾಟ್ ಹತ್ತಿರ ಕಾವು ಹುಟ್ಟುತ್ತದೆ, ತಣಿಸಲು ಗಾಳಿ ಮಾತ್ರ ಇಲ್ಲ. ವಿದ್ಯುತ್ ಫ್ಯೂಸಿಗೆ ಆರೂವರೆ ಆಂಪಿಯರ್ ಲೆಕ್ಕಕ್ಕೇ ಇಲ್ಲ, ಅದು ಸುಡುವುದಿಲ್ಲ. ಆ ಗಳಿಗೆಯಲ್ಲಿ ನಿಮ್ಮನ್ನು ಕಾಯುವುದು ಥರ್ಮಲ್ ಫ್ಯೂಸ್ ಒಂದೇ.

ಹಾಗಾದರೆ ನಿಮ್ಮ ರೆಸಿಸ್ಟರ್ ಎರಡು ಸಲ ಸತ್ತದ್ದೇಕೆ? ಸಾಮಾನ್ಯವಾಗಿ ಕಾರಣ ಎರಡರಲ್ಲಿ ಒಂದು: ಮೋಟಾರ್ ಬಿಗಿಯಾಗಿದೆ, ಇಲ್ಲವೇ ಗಾಳಿಯ ದಾರಿ ಕಟ್ಟಿಕೊಂಡಿದೆ. ಇವೆರಡನ್ನೂ ಬೇರ್ಪಡಿಸಿ ನೋಡಲು ಡಿಸಿ ಅಳೆಯುವ ಕ್ಲ್ಯಾಂಪ್ ಮೀಟರ್ ಒಂದು ಸಾಕು. ಪೂರ್ತಿ ವೇಗದಲ್ಲಿ ಮೋಟಾರಿನ ತಂತಿಗೆ ಕ್ಲ್ಯಾಂಪ್ ಹಾಕಿ. ಕರೆಂಟ್ ಇರಬೇಕಾದುದಕ್ಕಿಂತ ಹೆಚ್ಚಿದ್ದು ಗಾಳಿ ಕಡಿಮೆಯಿದ್ದರೆ ತಪ್ಪು ಮೋಟಾರಿನದು: ಒಣಗಿದ ಬುಷ್ (ಶಾಫ್ಟ್ ತಿರುಗುವ ಬಳೆ), ಇಲ್ಲವೇ ಇಂಗಾಲದ ಪುಡಿ ತುಂಬಿದ ಕಮ್ಯುಟೇಟರ್ (ಇಂಗಾಲದ ಬ್ರಷ್‌ಗಳು ತಾಗಿ ವಿದ್ಯುತ್ತು ಕೊಡುವ ತಾಮ್ರದ ಭಾಗ). ಕರೆಂಟ್ ಕಡಿಮೆಯಾಗಿ, ಮೋಟಾರಿನ ದನಿ ಮಾತ್ರ ತೆಳ್ಳಗೆ ಮೇಲೇರಿದ್ದರೆ ಗಾಳಿಯ ದಾರಿ ಕಟ್ಟಿದೆ. ದಾರಿ ಕಟ್ಟಿದರೆ ಮೋಟಾರಿಗೆ ಹೆಚ್ಚು ಶ್ರಮ ಅಲ್ಲವೇ ಎಂದು ಕೇಳಬಹುದು. ಅಳಿಲು ತಿರುಗಿಸುವ ಚಕ್ರದಂಥ ಈ ಬ್ಲೋವರಿಗೆ ಹಾಗಲ್ಲ. ತಳ್ಳಲು ಗಾಳಿ ಸಿಗದಿದ್ದರೆ ಅದು ಹಗುರಾಗಿ, ಇನ್ನೂ ಬೇಗ ತಿರುಗುತ್ತದೆ. ವ್ಯಾಕ್ಯೂಮ್ ಕ್ಲೀನರಿನ ಬಾಯಿಗೆ ಅಂಗೈ ಒತ್ತಿದಾಗ ದನಿ ಏರುವುದನ್ನು ನೆನಪಿಸಿಕೊಳ್ಳಿ. ರೆಸಿಸ್ಟರಿಗೆ ಮಾತ್ರ ಎರಡೂ ಕೇಡೇ. ಒಂದರಲ್ಲಿ ಕಾವು ಹೆಚ್ಚು, ಇನ್ನೊಂದರಲ್ಲಿ ತಣಿಸುವ ಗಾಳಿ ಕಡಿಮೆ.

ಇಷ್ಟು ಹಳೆಯ ವ್ಯಾನ್ ಆದ್ದರಿಂದ ಮೋಟಾರನ್ನು ಹೊರತೆಗೆದು ನೋಡಿ ಎಂದೇ ಹೇಳುತ್ತೇನೆ. ಬ್ಯಾಟರಿಯ ಸಂಪರ್ಕ ತೆಗೆದು ಕೆಲಸ ಶುರುಮಾಡಿ. ಕೈಯಿಂದ ತಿರುಗಿಸಿ ಬಿಟ್ಟರೆ ಚಕ್ರ ಸದ್ದಿಲ್ಲದೆ ಇನ್ನೂ ಕೆಲವು ಸುತ್ತು ಓಡಬೇಕು. ತಕ್ಷಣ ನಿಂತರೆ ಬುಷ್ ಒಣಗಿದೆ. ಕಂಚಿನ ಬುಷ್ ಆದರೆ ತೆಳುವಾದ ಮೆಷಿನ್ ಎಣ್ಣೆ ಎರಡು ಮೂರು ಹನಿ ಸಾಕು. ಹೆಚ್ಚಾದರೆ ಎಣ್ಣೆ ಬ್ರಷ್‌ಗಳತ್ತ ಹರಿದು, ಇಂಗಾಲದ ಪುಡಿಯ ಜೊತೆ ಸೇರಿ ಕೆಸರಾಗುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ಹೊಡೆಯಬೇಡಿ, ಅದು ಉಳಿದ ಎಣ್ಣೆಯನ್ನೂ ತೊಳೆದು ತಾನೂ ಆವಿಯಾಗುತ್ತದೆ. ಶಾಫ್ಟ್ ಅಲುಗಾಡುತ್ತಿದ್ದರೆ ಎಣ್ಣೆಯಿಂದ ಪ್ರಯೋಜನವಿಲ್ಲ, ಮೋಟಾರ್ ಬದಲಿಸಿ. ಕೊಳವೆಯೊಳಗಿನ ಎಲೆ, ಕಸ, ಕೊಳೆತ ಸ್ಪಂಜಿನ ಚೂರುಗಳನ್ನು ಇದೇ ಹೊತ್ತಿಗೆ ತೆಗೆದುಬಿಡಿ.

ಇನ್ನು ನಿಮ್ಮ ಇನ್ನೊಂದು ದೂರು, ಮೂರನೆಯ ವೇಗವೂ ಮೊದಲಿನಷ್ಟು ಜೋರಾಗಿಲ್ಲ ಎಂಬುದು. ಆ ವೇಗದಲ್ಲಿ ರೆಸಿಸ್ಟರ್ ದಾರಿಯಲ್ಲೇ ಇಲ್ಲ, ಹಾಗಾಗಿ ಅದರ ಮೇಲೆ ತಪ್ಪು ಹೊರಿಸುವಂತಿಲ್ಲ. ಫ್ಯಾನನ್ನು ಪೂರ್ತಿ ವೇಗದಲ್ಲಿ ಓಡಿಸುತ್ತಾ ಮಲ್ಟಿಮೀಟರಿನ ಎರಡು ಕಡ್ಡಿಗಳನ್ನು ಮೋಟಾರಿನ ಎರಡು ತುದಿಗಿಟ್ಟು ಅಳೆಯಿರಿ, ಆಮೇಲೆ ಬ್ಯಾಟರಿಯಲ್ಲಿ ಅಳೆಯಿರಿ. ಬ್ಯಾಟರಿಯಲ್ಲಿ 14, ಮೋಟಾರಿನಲ್ಲಿ 11.5 ಸಿಕ್ಕರೆ ಎರಡೂವರೆ ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತಿದೆ. ಹಳೆಯ ವ್ಯಾನುಗಳಲ್ಲಿ ಇದು ಅಪರೂಪವೇನಲ್ಲ. ವೇಗ ಸುಮಾರು 82 ಪ್ರತಿಶತಕ್ಕೆ ಇಳಿಯುತ್ತದೆ. ಗಾಳಿಗೆ ಕೊಡುವ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಇಳಿಯುವುದರಿಂದ ಉಳಿಯುವುದು ಅರ್ಧಕ್ಕಿಂತ ತುಸು ಮೇಲೆ ಅಷ್ಟೇ. ಕಳೆದ ವೋಲ್ಟ್ ಎಲ್ಲಿಗೂ ಹೋಗಿಲ್ಲ, ಸ್ವಿಚ್ಚಿನ ಸವೆದ ಸಂಪರ್ಕಗಳಲ್ಲಿ, ಇಗ್ನಿಷನ್ ಸ್ವಿಚ್ಚಿನಲ್ಲಿ, ನೆಗೆಟಿವ್ ತಂತಿಯನ್ನು ವ್ಯಾನಿನ ಒಡಲಿಗೆ ಸೇರಿಸುವ, ಹಸಿರುಗಟ್ಟಿದ ಅರ್ತ್ ಬೋಲ್ಟಿನಲ್ಲಿ ಕಾವಾಗಿದೆ. ಕನೆಕ್ಟರ್ ಕರಗಿದ ಗುಟ್ಟೂ ಇದರಲ್ಲೇ ಇದೆ. ಒಂದು ಪಿನ್ ಸಡಿಲಾಗಿ 0.1 ಓಮ್ ಅಡ್ಡಿ ಬಂದರೂ 13 ಆಂಪಿಯರಿನಲ್ಲಿ ಅಲ್ಲಿ 17 ವ್ಯಾಟ್ ಕಾವು. ಬೆರಳ ಗಾತ್ರದ ಪ್ಲಾಸ್ಟಿಕ್ ಅದನ್ನು ತಡೆಯುವುದಿಲ್ಲ. ಕರಗಿದ ಕನೆಕ್ಟರಿಗೆ ಹೊಸ ರೆಸಿಸ್ಟರ್ ಚುಚ್ಚಿದರೆ ಹಳೆಯ ರೋಗ ಹೊಸದಕ್ಕೂ ಅಂಟುತ್ತದೆ. ತಂತಿಯ ಬಣ್ಣಗೆಟ್ಟ ಭಾಗವನ್ನು ಹೊಳೆಯುವ ತಾಮ್ರ ಸಿಗುವ ತನಕ ಕತ್ತರಿಸಿ, ಹೊಸ ಟರ್ಮಿನಲ್‌ಗಳನ್ನು ಸರಿಯಾದ ಇಕ್ಕಳದಲ್ಲಿ ಒತ್ತಿ ಹೊಸ ಕನೆಕ್ಟರ್ ಹಾಕಿ.

ಆದ್ದರಿಂದ ಎಲ್ಲಕ್ಕೂ ಮೊದಲು ನಾನು ಹಾಕುವುದು ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್, ಆಫ್ ಮಾಡುವ ಸ್ವಿಚ್. ಮೂರನೆಯ ವೇಗದ ತಂತಿ ಈಗ ಮೋಟಾರಿನ ಪೂರ್ತಿ ಕರೆಂಟನ್ನು ಹೊರುತ್ತಿದೆ. ಅದು ರಿಲೇಯ ಕಾಯಿಲನ್ನು ಮಾತ್ರ ಎಬ್ಬಿಸಲಿ, ಅಂದರೆ ಒಂದು ಆಂಪಿಯರಿನ ಸಣ್ಣ ಪಾಲು. ಭಾರದ ಕರೆಂಟ್ ಬ್ಯಾಟರಿಯಿಂದ ಫ್ಯೂಸ್ ದಾಟಿ, ರಿಲೇಯ 30 ಮತ್ತು 87ರ ಮೂಲಕ ನೇರ ಮೋಟಾರಿಗೆ ಹೋಗಲಿ. 85 ಮತ್ತು 86 ಕಾಯಿಲಿನ ತುದಿಗಳು. ಕಾಯಿಲಿಗೆ ಇಗ್ನಿಷನ್ ಆನ್ ಆದಾಗ ಮಾತ್ರ ವಿದ್ಯುತ್ತು ಸಿಗುವಂತಿರಲಿ. ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇರಲಿ; ಅದು ಕಾಯಬೇಕಾದ್ದು ತಂತಿಯನ್ನು. ತಂತಿ 2.5 ಚದರ ಮಿಲಿಮೀಟರಿನದಾದರೆ ಮೀಟರಿಗೆ ಸುಮಾರು 7 ಮಿಲಿಓಮ್; 3 ಮೀಟರಿನಲ್ಲಿ 15 ಆಂಪಿಯರ್ ಹರಿದಾಗ ಮೂರನೇ ಒಂದು ವೋಲ್ಟಿನಷ್ಟು ಕಳೆಯುತ್ತದೆ. ದಾರಿ ಉದ್ದವಿದ್ದರೆ 4 ಚದರ ಮಿಲಿಮೀಟರ್ ಹಾಕಿ. ರಿಲೇ, ಹೊಸ ಅರ್ತ್, ಹೊಸ ಕನೆಕ್ಟರ್, ಥರ್ಮಲ್ ಫ್ಯೂಸ್ ಇರುವ ಹೊಸ ರೆಸಿಸ್ಟರ್, ಎಣ್ಣೆ ಕಂಡ ಮೋಟಾರ್, ಇಷ್ಟಾದ ಮೇಲೆ ನಾಬ್ ಬೇಡವೇ ಬೇಡ ಎಂದು ಬಹಳ ಜನರಿಗೆ ಅನ್ನಿಸುತ್ತದೆ. ಆದರೆ ನೀವು ವ್ಯಾನಿನಲ್ಲೇ ಮಲಗುವವರು. ನಿಮ್ಮ ಮಟ್ಟಿಗೆ ನಾಬಿಗೆ ನಿಜವಾದ ಅರ್ಥವಿದೆ.

ಏಕೆಂದರೆ ರೆಸಿಸ್ಟರಿನಲ್ಲಿ ವೇಗ ಇಳಿಸಿದರೆ ಬ್ಯಾಟರಿಗೆ ಆಗುವ ಉಳಿತಾಯ ಅರೆಬರೆ. ಅರ್ಧ ವೇಗದಲ್ಲಿ ಮೋಟಾರಿಗೆ ಬೇಕಾದದ್ದು 26 ವ್ಯಾಟ್, ಬ್ಯಾಟರಿ ಕೊಡುವುದು ಅದರ ಇಮ್ಮಡಿ. ನಾಬ್ ಇರುವ ಪಿಡಬ್ಲ್ಯುಎಂ (ಪಲ್ಸ್ ವಿಡ್ತ್ ಮಾಡ್ಯುಲೇಷನ್) ನಿಯಂತ್ರಕ ವಿದ್ಯುತ್ತನ್ನು ಸೆಕೆಂಡಿಗೆ ಸಾವಿರಾರು ಸಲ ಕಡಿದು ಕಡಿದು ಕೊಡುತ್ತದೆ, ತಾನು ನುಂಗುವುದು ಒಂದೆರಡು ವ್ಯಾಟ್ ಅಷ್ಟೇ. ಬ್ಯಾಟರಿಯಿಂದ 3.75ರ ಬದಲು ಸುಮಾರು 2 ಆಂಪಿಯರ್ ಹೋಗುತ್ತದೆ. ಎಂಟು ಗಂಟೆಯ ರಾತ್ರಿಗೆ 30 ಆಂಪಿಯರ್ ಅವರ್ ಹೋಗುವ ಕಡೆ 16 ಹೋಗುತ್ತದೆ. ಬೆಳಗ್ಗೆ ಎಂಜಿನ್ ಸ್ಟಾರ್ಟ್ ಆಗುವುದು, ಆಗದಿರುವುದು ಈ ವ್ಯತ್ಯಾಸದಲ್ಲೇ ಇರಬಹುದು. ಎಂಜಿನ್ ನಿಂತ ಮೇಲೆ ಅದರ ನೀರು ತಣ್ಣಗಾಗುವುದರಿಂದ ಬಿಸಿಗಾಳಿ ಬಹಳ ಹೊತ್ತು ಬರುವುದಿಲ್ಲ ಎಂಬುದು ನಿಮಗೆ ಗೊತ್ತೇ ಇರುತ್ತದೆ. ಒಳಗಿನ ಗಾಳಿ ಆಡಿಸಲು, ಗಾಜಿನ ಮೇಲೆ ಹನಿ ಕಟ್ಟದಂತೆ ನೋಡಿಕೊಳ್ಳಲು ಸಣ್ಣ ವೇಗ ಸಾಕು. ಆದರೆ ಇದೇ ಬ್ಯಾಟರಿಯಿಂದ ಸ್ಟಾರ್ಟ್ ಮಾಡಬೇಕಾದರೆ 16 ಕೂಡ ಸಣ್ಣದಲ್ಲ. ಮಲಗುವ ವ್ಯಾನಿಗೆ ಎರಡನೆಯ ಬ್ಯಾಟರಿ ಇದ್ದರೆ ಫ್ಯಾನಿನ ರಾತ್ರಿಯ ಓಟವನ್ನು ಅದಕ್ಕೆ ಬಿಡಿ.

ಇನ್ನೊಂದು ದಾರಿಯೂ ಇದೆ. ಸ್ವಯಂಚಾಲಿತ ಹವಾನಿಯಂತ್ರಣವಿರುವ ಕಾರುಗಳಲ್ಲಿ ರೆಸಿಸ್ಟರಿನ ಜಾಗದಲ್ಲಿ ಅಲ್ಯೂಮಿನಿಯಂ ರೆಕ್ಕೆಗಳಿರುವ ಟ್ರಾನ್ಸಿಸ್ಟರ್ ಮಾಡ್ಯೂಲ್ ಇರುವುದುಂಟು. ಕೆಲವರು ಅದನ್ನೇ ಹಳೆಯ ವ್ಯಾನಿಗೆ ಕೂರಿಸುತ್ತಾರೆ. ಕಡಿಯದೆ, ನಲ್ಲಿ ತಿರುಗಿಸಿದಂತೆ ವೋಲ್ಟ್ ಇಳಿಸುವ ಬಗೆಯದಾದರೆ ಮೋಟಾರ್ ಗುಂಯ್‌ಗುಡುವುದಿಲ್ಲ, ರೇಡಿಯೋದಲ್ಲಿ ಗೊರಗೊರ ಇಲ್ಲ. ಆದರೆ ಅದು ರೆಸಿಸ್ಟರಿನಷ್ಟೇ ಕಾಯುತ್ತದೆ, ಗಾಳಿಯ ಹಾದಿಯಲ್ಲೇ ಇರಬೇಕು, ಬ್ಯಾಟರಿಗೆ ಏನೂ ಉಳಿಸುವುದಿಲ್ಲ. ನಿಮ್ಮ ಕೆಲಸಕ್ಕೆ ಪಿಡಬ್ಲ್ಯುಎಂ ಮೇಲು.

ಕೊಳ್ಳುವಾಗ ಪೆಟ್ಟಿಗೆಯ ಮೇಲೆ ಬರೆದ ಆಂಪಿಯರನ್ನು ಅರ್ಧ ಮಾತ್ರ ನಂಬಿ. 15 ಆಂಪಿಯರ್ ಮೋಟಾರಿಗೆ 30 ಆಂಪಿಯರಿನದೇ ಬೇಕು. ಮೋಟಾರ್ ಹೊರಡುವ ಕ್ಷಣದಲ್ಲಿ ಎಳೆಯುವ ಕರೆಂಟ್ ಓಡುವಾಗಿನದರ ಕೆಲವು ಪಟ್ಟು. ನಿಧಾನವಾಗಿ ವೇಗ ಏರಿಸುವ ಸಾಫ್ಟ್ ಸ್ಟಾರ್ಟ್ ಇದ್ದರೆ ಇನ್ನೂ ಒಳ್ಳೆಯದು. ಕಡಿಯುವ ಆವರ್ತನ 20 ಕಿಲೋಹರ್ಟ್ಸ್ ಅಥವಾ ಮೇಲಿರಲಿ, ಅದಕ್ಕಿಂತ ಕೆಳಗಿದ್ದರೆ ಮೋಟಾರಿನ ಸಿಳ್ಳು ಕಿವಿಗೆ ಬೀಳುತ್ತದೆ. ಮಲಗುವ ಜಾಗದಲ್ಲಿ ಅದು ಸಹಿಸುವಂಥದ್ದಲ್ಲ. ಒಳಗೆ ವಿದ್ಯುತ್ತನ್ನು ಕಡಿಯುವ ಮಾಸ್‌ಫೆಟ್ ಎಂಬ ಟ್ರಾನ್ಸಿಸ್ಟರ್ 55 ಅಥವಾ 60 ವೋಲ್ಟ್ ತಾಳುವಂಥದ್ದಾಗಿರಲಿ. ಆಲ್ಟರ್ನೇಟರ್ ಓಡುತ್ತಿರುವಾಗ ಬ್ಯಾಟರಿಯ ತಂತಿ ಸಡಿಲಾದರೆ ಲೋಡ್ ಡಂಪ್ ಎಂಬ ಹೊಡೆತ ಬರುತ್ತದೆ. ಆಲ್ಟರ್ನೇಟರಿನಲ್ಲೇ ತಡೆಯಿದ್ದರೆ ಅದು 35 ವೋಲ್ಟ್ ಸುತ್ತ ನಿಲ್ಲುತ್ತದೆ, ಹಳೆಯ ಆಲ್ಟರ್ನೇಟರುಗಳಲ್ಲಿ ತಡೆ ಇಲ್ಲದಿದ್ದರೆ 100 ವೋಲ್ಟಿನ ಹತ್ತಿರಕ್ಕೂ ಹೋಗಬಹುದು. ಅದಕ್ಕಾಗಿ ಒಳಬರುವ ತಂತಿಗೆ ಇಂಥ ಹೊಡೆತವನ್ನು ಹೀರಿಕೊಳ್ಳುವ, ವಾಹನಗಳಿಗೆಂದೇ ಮಾಡಿದ ದೊಡ್ಡ ಟಿವಿಎಸ್ ಡಯೋಡ್ ಸೇರಿಸಿ.

ಅಗ್ಗದ ನಿಯಂತ್ರಕಗಳು ಸಾಯುವುದು ಮಾಸ್‌ಫೆಟ್‌ನಿಂದ ಎಂದು ಎಲ್ಲರೂ ತಿಳಿಯುತ್ತಾರೆ. ನಾನು ಬಿಚ್ಚಿ ನೋಡಿದವುಗಳಲ್ಲಿ ಮೊದಲು ಸೋತಿದ್ದು ಹೆಚ್ಚಾಗಿ ಕೆಪಾಸಿಟರ್ ಅಥವಾ ಡಯೋಡ್. ಅರ್ಧ ವೇಗದಲ್ಲಿ ಮೋಟಾರಿನ ಕರೆಂಟಿನ ಅರ್ಧದಷ್ಟು ಏರಿಳಿತವನ್ನು ಒಳಬದಿಯ ಕೆಪಾಸಿಟರ್ ಹೊರಬೇಕು, ಸಣ್ಣದೊಂದು ಅಲ್ಲಿದ್ದರೆ ಬಿಸಿಯಾಗಿ ಉಬ್ಬುತ್ತದೆ. 105 ಡಿಗ್ರಿಯ, ಕಡಿಮೆ ಇಎಸ್‌ಆರ್ (ಒಳಗಿನ ಅಡ್ಡಿ) ಇರುವಂಥದ್ದನ್ನು ಬದಲಿಸಿ ಹಾಕಿ. ಡಯೋಡ್ ಕೆಲಸವೂ ದೊಡ್ಡದು: ಮಾಸ್‌ಫೆಟ್ ಕಡಿದಾಗಲೆಲ್ಲ ಮೋಟಾರಿನ ಕರೆಂಟ್ ಸುತ್ತಿ ಬರಲು ದಾರಿ ಬೇಕು. ಅಲ್ಲಿ ಸಾಮಾನ್ಯ ರೆಕ್ಟಿಫೈಯರ್ ಡಯೋಡ್ ನಡೆಯದು. 20 ಕಿಲೋಹರ್ಟ್ಸಿನಲ್ಲಿ ಒಂದು ಆವರ್ತನೆಗೆ ಸಿಗುವುದು 50 ಮೈಕ್ರೋಸೆಕೆಂಡ್, ಅದು ಮುಚ್ಚಿಕೊಳ್ಳುವಷ್ಟರಲ್ಲಿ ಮುಂದಿನ ಹೊಡೆತ ಬಂದಿರುತ್ತದೆ. ಬಹಳ ಬೇಗ ಮುಚ್ಚಿಕೊಳ್ಳುವ ಷಾಟ್ಕಿ ಡಯೋಡ್ ಹಾಕಿ, ಗೆರೆಯಿರುವ ತುದಿ ಮೋಟಾರಿನ ಪಾಸಿಟಿವ್ ಕಡೆಗೆ. ಮೋಟಾರಿನ ತುದಿಗಳ ನಡುವೆ ರೇಡಿಯೋ ಗದ್ದಲ ತಡೆಯುವ ಹಳೆಯ ಕೆಪಾಸಿಟರ್ ಕೂತಿದ್ದರೆ ತೆಗೆಯಿರಿ, ಕಡಿದ ವಿದ್ಯುತ್ತಿನಲ್ಲಿ ಅದು ಪ್ರತಿ ಸಲವೂ ಮಾಸ್‌ಫೆಟ್‌ಗೆ ಗುದ್ದು ಕೊಡುತ್ತದೆ.

ಜೋಡಿಸುವ ಮೊದಲು ಒಂದು ಪರೀಕ್ಷೆಯನ್ನು ಬಿಡಬೇಡಿ. ಮೋಟಾರಿನ ಎರಡೂ ತಂತಿ ಬಿಚ್ಚಿ, ಒಂದೊಂದು ತುದಿಗೂ ಅದರ ಲೋಹದ ಕವಚಕ್ಕೂ ನಡುವೆ ಓಮ್ ಅಳೆಯಿರಿ. ಮಾರುಕಟ್ಟೆಯ ಬಹುಪಾಲು ನಿಯಂತ್ರಕಗಳು ನೆಗೆಟಿವ್ ಬದಿಯನ್ನು ಕಡಿಯುತ್ತವೆ. ಕೆಲವು ಹಳೆಯ ಮೋಟಾರುಗಳಲ್ಲಿ ಒಂದು ಬ್ರಷ್ ಕವಚಕ್ಕೇ ಅರ್ತ್ ಆಗಿದ್ದು, ಅಳತೆ ಸೊನ್ನೆಯ ಹತ್ತಿರ ಬರುತ್ತದೆ. ಅಂಥ ಮೋಟಾರಿಗೆ ಈ ನಿಯಂತ್ರಕ ಹಾಕಿದರೆ ನಾಬ್ ಎಲ್ಲಿದ್ದರೂ ಫ್ಯಾನ್ ಪೂರ್ತಿ ವೇಗದಲ್ಲೇ ಓಡುತ್ತದೆ. ಆಗ ಪಾಸಿಟಿವ್ ಕಡಿಯುವ ನಿಯಂತ್ರಕವೇ ಬೇಕು. ನಿಯಂತ್ರಕವನ್ನು ಮೋಟಾರಿನ ಹತ್ತಿರವೇ ಇಡಿ, ಅವೆರಡರ ನಡುವಿನ ತಂತಿಗಳನ್ನು ಗಿಡ್ಡವಾಗಿ, ಹುರಿಮಾಡಿ ಎಳೆಯಿರಿ. ಡ್ಯಾಶ್‌ಬೋರ್ಡಿಗೆ ಬರಬೇಕಾದದ್ದು ನಾಬಿನ ಸಣ್ಣ ತಂತಿಗಳು ಮಾತ್ರ.

ಈಗ ನಾನು ಯಾವ ಕಾರಣಕ್ಕೂ ಬಿಟ್ಟುಕೊಡದ ಮಾತು. ಪೂರ್ತಿ ವೇಗ ಎಲೆಕ್ಟ್ರಾನಿಕ್ಸಿನ ಹಂಗಿನಲ್ಲಿರಬಾರದು. ಮುಂದಿನ ಗಾಜಿನ ಮಂಜು ಬಿಡಿಸುವುದು ಇದೇ ಫ್ಯಾನ್. ರಾತ್ರಿ ಮಳೆಯಲ್ಲಿ ಗಾಜು ಒಳಗಿನಿಂದ ಮುಚ್ಚಿಕೊಂಡಾಗ ನಿಮಗೆ ಬೇಕಾಗುವುದು ನಾಜೂಕಿನ ನಾಬ್ ಅಲ್ಲ, ಜೋರಾದ ಗಾಳಿ. ಹಾಗಾಗಿ ಮೊದಲೇ ಹಾಕಿದ ರಿಲೇಯನ್ನು ತೆಗೆಯಬೇಡಿ. ನೆಗೆಟಿವ್ ಕಡಿಯುವ ನಿಯಂತ್ರಕವಾದರೆ ಮೋಟಾರಿನ ಪಾಸಿಟಿವ್ ತುದಿಗೆ ಫ್ಯೂಸ್ ಮತ್ತು ಇಗ್ನಿಷನ್ನಿಗೆ ಓಗೊಡುವ ಇನ್ನೊಂದು ರಿಲೇ ಮೂಲಕ ವಿದ್ಯುತ್ತು ಬರಲಿ. ಮೊದಲಿನ ರಿಲೇಯ 30ನ್ನು ಗಟ್ಟಿ ಅರ್ತಿಗೂ 87ನ್ನು ಮೋಟಾರಿನ ನೆಗೆಟಿವ್ ತುದಿಗೂ ಜೋಡಿಸಿ. ಸ್ವಿಚ್ ಮೂರಕ್ಕೆ ತಿರುಗಿದಾಗ ರಿಲೇ ನಿಯಂತ್ರಕವನ್ನು ಬದಿಗಿಟ್ಟು ಮೋಟಾರನ್ನು ನೇರ ಅರ್ತಿಗೆ ಸೇರಿಸುತ್ತದೆ. ಒಂದೇ ಮಾಸ್‌ಫೆಟ್ ಬಗೆಯ ಸರಳ ನಿಯಂತ್ರಕಕ್ಕೆ ಇದರಿಂದ ತೊಂದರೆಯಿಲ್ಲ. ಹಿಂದೆ ಮುಂದೆ ಎರಡೂ ಕಡೆ ತಿರುಗಿಸುವ ನಿಯಂತ್ರಕಗಳಿಗೆ ಹೀಗೆ ಮಾಡಬಾರದು, ಅವು ಈ ಕೆಲಸಕ್ಕೆ ಬೇಡವೂ ಬೇಡ. ಮಾಸ್‌ಫೆಟ್ ಸಾಯುವಾಗ ಹೆಚ್ಚಾಗಿ ಶಾರ್ಟ್ ಆಗಿ ಸಾಯುತ್ತದೆ, ಫ್ಯಾನ್ ನಿಲ್ಲದೆ ಪೂರ್ತಿ ವೇಗದಲ್ಲಿ ಓಡುತ್ತದೆ. ಆ ಹೊತ್ತಿಗೂ ಇಗ್ನಿಷನ್ನಿನ ರಿಲೇ ಬೇಕು, ಕೀಲಿ ತಿರುಗಿಸಿದರೆ ಫ್ಯಾನ್ ನಿಲ್ಲಬೇಕು. ರಾತ್ರಿ ಬಳಕೆಗೆ ಎರಡನೆಯ ಬ್ಯಾಟರಿಯಿಂದ ಕೊಡುವುದಾದರೆ ಅದಕ್ಕೂ ಪ್ರತ್ಯೇಕ ಫ್ಯೂಸ್, ಕೈಗೆಟಕುವ ಸ್ವಿಚ್ ಇರಲಿ. ಎರಡು ಬ್ಯಾಟರಿಗಳ ಪಾಸಿಟಿವ್ ಒಂದಕ್ಕೊಂದು ತಾಗದಂತೆ ಒಮ್ಮೆಗೆ ಒಂದೇ ಬ್ಯಾಟರಿಯನ್ನು ಸೇರಿಸುವ ಸ್ವಿಚ್ ಬಳಸಿ.

ನಾಬಿನ ಕೆಳತುದಿಯನ್ನೂ ಹೊಂದಿಸಬೇಕು. ಬಹಳ ಕಡಿಮೆ ಕೊಟ್ಟರೆ ಮೋಟಾರ್ ಹೊರಡದೆ ನಿಂತಲ್ಲೇ ಗುಂಯ್‌ಗುಟ್ಟುತ್ತಾ ಬಿಸಿಯಾಗುತ್ತದೆ. ಚಳಿಯಲ್ಲಿ ಎಣ್ಣೆ ಗಟ್ಟಿಯಾದಾಗ ಇದು ಹೆಚ್ಚು. ವ್ಯಾನ್ ರಾತ್ರಿಯಿಡೀ ತಣ್ಣಗೆ ನಿಂತ ಮೇಲೆ ಬೆಳಗ್ಗೆ ನಾಬ್ ಮೆಲ್ಲನೆ ಏರಿಸಿ, ಫ್ಯಾನ್ ತಾನಾಗಿ ಹೊರಡುವ ಜಾಗ ಗುರುತಿಸಿ, ಅದಕ್ಕಿಂತ ತುಸು ಮೇಲೆ ಕನಿಷ್ಠ ಮಿತಿ ಕಟ್ಟಿ.

ಎಲ್ಲ ಮುಗಿದ ಮೇಲೆ ಫ್ಯಾನನ್ನು ಮೂರನೇ ಎರಡು ಭಾಗದ ವೇಗದಲ್ಲಿ ಇಪ್ಪತ್ತು ನಿಮಿಷ ಓಡಿಸಿ. ಆಮೇಲೆ ಆಫ್ ಮಾಡಿ ಕನೆಕ್ಟರ್, ಫ್ಯೂಸ್ ಹಿಡಿಕೆ, ಅರ್ತ್ ಬೋಲ್ಟ್, ನಿಯಂತ್ರಕದ ಹೀಟ್ ಸಿಂಕ್ ಒಂದೊಂದನ್ನೂ ಮುಟ್ಟಿ ನೋಡಿ. ಬೆಚ್ಚಗಿರಬಹುದು, ಬೆರಳು ಇಡಲಾಗದಷ್ಟು ಬಿಸಿಯಿರಬಾರದು. ಪೂರ್ತಿ ವೇಗದಲ್ಲೂ ಹೀಗೇ ಮಾಡಿ, ಮೋಟಾರಿನ ತುದಿಯ ವೋಲ್ಟನ್ನು ಮತ್ತೆ ಅಳೆಯಿರಿ. ಬ್ಯಾಟರಿಗಿಂತ ಅರ್ಧ ವೋಲ್ಟಿನೊಳಗೆ ಇದ್ದರೆ ತಂತಿ ಕೆಲಸ ಚೆನ್ನಾಗಿದೆ. ಕೊನೆಗೆ ನಿಯಂತ್ರಕದಿಂದ ನಾಬಿನ ತಂತಿಯನ್ನು ಬೇಕೆಂದೇ ಕಿತ್ತು, ಸ್ವಿಚ್ಚನ್ನು ಮೂರಕ್ಕೆ ತಿರುಗಿಸಿ. ಫ್ಯಾನ್ ಭೋರ್ಗರೆಯಬೇಕು. ಪ್ರತಿ ವರ್ಷ ಚಳಿ ಶುರುವಾಗುವ ಮೊದಲು ಇದೊಂದು ಪರೀಕ್ಷೆಯನ್ನು ಮತ್ತೆ ಮಾಡಿ.